ಸರ್ವರಿನಲ್ಲಿ ಕೆಟ್ಟ ಹಾರ್ಡ್ ಡಿಸ್ಕ್: ಪತ್ತೆ ಹಚ್ಚುವುದು ಹೇಗೆ?

ಬ್ಯಾಂಕಿಗೋ ತಾಲ್ಲೂಕು ಕಚೇರಿಗೋ ಹೋದಾಗ "ಸರ್ವರ್ ಡೌನ್" ಎಂಬ ಮಾತು ಕೇಳದವರು ಕಡಿಮೆ. ಕನ್ನಡ, ಮರಾಠಿ, ತೆಲುಗು, ತಮಿಳು, ಮಲಯಾಳ, ಯಾವ ಭಾಷೆಯ ಕೌಂಟರ್ ಮುಂದೆ ನಿಂತರೂ ಈ ಎರಡು ಪದ ಮಾತ್ರ ಬದಲಾಗುವುದಿಲ್ಲ. ಎಷ್ಟೋ ಸಲ ತೊಂದರೆ ನೆಟ್‌ವರ್ಕಿನದೋ ಕರೆಂಟಿನದೋ ಆಗಿರುತ್ತದೆ; ಸ್ವಲ್ಪ ಕಾದರೆ ಸರಿಹೋಗುತ್ತದೆ. ಸರ್ವರಿನೊಳಗಿನ ಹಾರ್ಡ್ ಡಿಸ್ಕ್ ಕೆಟ್ಟರೆ ಹಾಗಲ್ಲ. ಅದರಲ್ಲಿರುವುದು ಜನರ ಠೇವಣಿ, ಸಾಲ, ಪಹಣಿಯ ಲೆಕ್ಕ.

ಹಾರ್ಡ್ ಡಿಸ್ಕ್ ಎಂದರೆ ಕಾಂತೀಯ ಲೇಪನವಿರುವ ತಟ್ಟೆಗಳು ಒಂದೇ ಸಮನೆ ತಿರುಗುವ ಪೆಟ್ಟಿಗೆ. 1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಡಿಸ್ಕ್‌ನಲ್ಲಿ 24 ಇಂಚಿನ 50 ತಟ್ಟೆಗಳಿದ್ದವು. ಅಷ್ಟಿದ್ದೂ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ ಮಾತ್ರ. ಸರ್ವರ್ ಡಿಸ್ಕ್‌ಗಳು ಸಾಮಾನ್ಯವಾಗಿ ನಿಮಿಷಕ್ಕೆ 7,200 ಅಥವಾ 10,000 ಸುತ್ತು ತಿರುಗುತ್ತವೆ. ಓದುವ ಹೆಡ್ಡಿಗೂ ತಟ್ಟೆಗೂ ನಡುವಿನ ಅಂತರ ಕೂದಲೆಳೆಯ ಸಾವಿರಾರು ಪಾಲಿನಲ್ಲಿ ಒಂದು ಪಾಲು. ಹಗಲಿರುಳು ಓಡುವ ಇಂಥ ಯಂತ್ರ ಒಂದು ದಿನ ಸವೆಯಲೇಬೇಕು.

ಇದಕ್ಕೆ ಪರಿಹಾರವಾಗಿ ಬಂದದ್ದು ರೇಡ್ ಪದ್ಧತಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕ್ಯಾಟ್ಜ್ 1988ರಲ್ಲಿ ಇದನ್ನು ವಿವರಿಸಿದರು. ಹಲವು ಡಿಸ್ಕ್‌ಗಳನ್ನು ಒಂದಾಗಿ ಕಟ್ಟಿ, ಒಂದು ಹೋದರೂ ಉಳಿದವುಗಳಿಂದ ಲೆಕ್ಕ ಮರಳಿ ಪಡೆಯುವ ಏರ್ಪಾಡು ಇದು. ರೇಡ್ 5ರಲ್ಲಿ ಒಂದು ಡಿಸ್ಕ್, ರೇಡ್ 6ರಲ್ಲಿ ಎರಡು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ತೊಡಕು ಇರುವುದೂ ಇಲ್ಲಿಯೇ. ಕೆಲಸ ನಿಲ್ಲದಿದ್ದರೆ ಡಿಸ್ಕ್ ಕೆಟ್ಟದ್ದು ಯಾರಿಗೂ ಗೊತ್ತಾಗುವುದಿಲ್ಲ. ಬೀಗ ಹಾಕಿದ ಕೋಣೆಯಲ್ಲಿ ಹಳದಿ ದೀಪ ಉರಿಯುತ್ತಿರುತ್ತದೆ, ಬೀಪ್ ಸದ್ದು ಕಿರಿಕಿರಿ ಎಂದು ಯಾರೋ ಅದನ್ನು ಬಂದ್ ಮಾಡಿರುತ್ತಾರೆ. ಎರಡನೆಯ ಡಿಸ್ಕ್ ಹೋದ ದಿನವೇ ಸುದ್ದಿ ತಿಳಿಯುವುದು.

ಲಕ್ಷಣಗಳು

ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ. ಇದಕ್ಕೆ ಸ್ಮಾರ್ಟ್ ಎಂದು ಹೆಸರು. ಸಾಟಾ ಡಿಸ್ಕ್‌ಗಳಲ್ಲಿ ಗಮನಿಸಬೇಕಾದ ಸಂಖ್ಯೆಗಳು ಕೆಲವೇ. 5ನೆಯದು, ಹಾಳಾಗಿ ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳ ಎಣಿಕೆ. 197, ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು. 187 ಮತ್ತು 198, ಸರಿಪಡಿಸಲಾಗದ ತಪ್ಪುಗಳು. ಸಂಖ್ಯೆ ಎಷ್ಟಿದೆ ಎನ್ನುವುದಕ್ಕಿಂತ ವಾರದಿಂದ ವಾರಕ್ಕೆ ಏರುತ್ತಿದೆಯೇ ಎನ್ನುವುದು ಮುಖ್ಯ. ಸ್ಯಾಸ್ ಡಿಸ್ಕ್‌ಗಳಲ್ಲಿ ಈ ನಂಬರುಗಳಿರುವುದಿಲ್ಲ. ಅಲ್ಲಿ ನೋಡಬೇಕಾದದ್ದು ಗ್ರೋನ್ ಡಿಫೆಕ್ಟ್ ಪಟ್ಟಿ. ರೇಡ್ ಕಂಟ್ರೋಲರ್ ಇದ್ದರೆ ಬಿಡಿ ಡಿಸ್ಕ್‌ಗಳು ಅದರ ಮರೆಯಲ್ಲಿರುತ್ತವೆ. ಆದ್ದರಿಂದ ಕಂಟ್ರೋಲರಿನದೇ ತಂತ್ರಾಂಶದಿಂದ ಒಂದೊಂದನ್ನೂ ಕೇಳಬೇಕು.

"ಸ್ಮಾರ್ಟ್ ಪಾಸ್" ಎಂದು ತೋರಿಸಿದರೆ ನಿಶ್ಚಿಂತೆಯಿಂದ ಇರಬಹುದೇ? ಇರಲಾಗದು. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಪರಿಶೀಲಿಸಿ ಗೂಗಲ್ ಸಂಸ್ಥೆಯವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕ್‌ಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಆದರೆ ಸೂಚನೆ ಕೊಟ್ಟರೆ ಅಸಡ್ಡೆ ಸಲ್ಲದು. ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್ 60 ದಿನಗಳೊಳಗೆ ಕೆಡುವ ಸಂಭವ, ಹಾಗೆ ಕಾಣದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚು ಎಂದು ಅದೇ ಅಧ್ಯಯನ ಹೇಳಿದೆ.

ಸೂಚನೆ ಕೊಡದ ಡಿಸ್ಕನ್ನು ಅದರ ನಿಧಾನದಿಂದ ಹಿಡಿಯಬಹುದು. ಒಂದೇ ಗುಂಪಿನ ಡಿಸ್ಕ್‌ಗಳಿಗೆ ಬೀಳುವ ಕೆಲಸ ಹೆಚ್ಚುಕಡಿಮೆ ಒಂದೇ. ಉಳಿದವು 10 ಮಿಲಿಸೆಕೆಂಡಿಗೆ ಉತ್ತರಿಸುವಾಗ ಒಂದು ಮಾತ್ರ 200 ತೆಗೆದುಕೊಂಡರೆ ಅನುಮಾನಪಡಬೇಕು. ಆದರೂ ಆತುರ ಬೇಡ, ಸುತ್ತಲ ಅದುರುವಿಕೆಯಿಂದಲೂ ಡಿಸ್ಕ್ ನಿಧಾನವಾಗುತ್ತದೆ. ಸನ್ ಕಂಪನಿಯ ಎಂಜಿನಿಯರ್ ಬ್ರೆಂಡನ್ ಗ್ರೆಗ್ 2008ರಲ್ಲಿ ಡಿಸ್ಕ್‌ಗಳ ಮುಂದೆ ನಿಂತು ಜೋರಾಗಿ ಕಿರುಚಿ, ಅವು ತಡವರಿಸುವುದನ್ನು ವಿಡಿಯೋದಲ್ಲಿ ತೋರಿಸಿದ್ದರು!

ನಿರಪರಾಧಿ ಡಿಸ್ಕ್ ಸಿಕ್ಕಿಬೀಳುವುದೂ ಉಂಟು. 199ನೇ ಸಂಖ್ಯೆ ಮಾತ್ರ ಏರುತ್ತಿದ್ದರೆ ಮೊದಲು ನೋಡಬೇಕಾದದ್ದು ಕೇಬಲ್ ಅಥವಾ ಸ್ಲಾಟ್. ಮನೆ ಕಂಪ್ಯೂಟರಿನ ಅಗ್ಗದ ಡಿಸ್ಕ್ ಹಾಕಿದ್ದರೆ, ಅದು ಒಂದು ಸೆಕ್ಟರನ್ನು ಓದಲು ಬಹಳ ಹೊತ್ತು ಹೆಣಗಾಡುತ್ತದೆ. ಅಷ್ಟು ಕಾಯದ ಕಂಟ್ರೋಲರ್ ಅದನ್ನು ಸತ್ತಿದೆಯೆಂದು ಹೊರಗಿಡುತ್ತದೆ. ಸರ್ವರಿಗೆಂದೇ ಮಾಡಿದ ಡಿಸ್ಕ್ ಕೆಲವೇ ಸೆಕೆಂಡುಗಳಲ್ಲಿ ಸೋಲೊಪ್ಪಿಕೊಂಡು ಮುಂದೆ ಹೋಗುತ್ತದೆ.

ಹೊರಗೆ ಎಳೆಯುವ ಮುನ್ನ

ಅತಿ ದೊಡ್ಡ ಅನಾಹುತ ನಡೆಯುವುದು ತಪ್ಪು ಡಿಸ್ಕ್ ಎಳೆದಾಗ. ಒಂದು ಕೆಟ್ಟಿರುವ ರೇಡ್ 5ರಿಂದ ಒಳ್ಳೆಯದೊಂದನ್ನು ಕಿತ್ತರೆ ಇಡೀ ಗುಂಪು ಅಲ್ಲಿಗೇ ನಿಲ್ಲುತ್ತದೆ. ತಂತ್ರಾಂಶ ಅನೇಕ ಕಡೆ ಸ್ಲಾಟ್‌ಗಳನ್ನು ಸೊನ್ನೆಯಿಂದ ಎಣಿಸುತ್ತದೆ, ಮನುಷ್ಯ ಒಂದರಿಂದ. "3ನೇ ಡಿಸ್ಕ್" ಎಂದು ಫೋನಿನಲ್ಲಿ ಕೇಳಿಸಿಕೊಂಡು ಎಳೆಯುವುದು ಅಪಾಯ. ಕೆಟ್ಟ ಡಿಸ್ಕ್‌ನ ಸೀರಿಯಲ್ ನಂಬರ್ ಬರೆದುಕೊಳ್ಳಬೇಕು, ಕಂಟ್ರೋಲರಿನಿಂದ ಗುರುತಿನ ದೀಪ ಮಿನುಗಿಸಬೇಕು, ಹೊರತೆಗೆದ ಮೇಲೆ ನಂಬರನ್ನು ಇನ್ನೊಮ್ಮೆ ತಾಳೆ ನೋಡಬೇಕು.

ಅದಕ್ಕೂ ಮೊದಲು ಬ್ಯಾಕಪ್, ಆಮೇಲೆ ಉಳಿದ ಡಿಸ್ಕ್‌ಗಳ ತಪಾಸಣೆ. ಹೊಸ ಡಿಸ್ಕ್ ತುಂಬಿಸಲು ಕಂಟ್ರೋಲರ್ ಉಳಿದವುಗಳ ಪ್ರತಿ ಸೆಕ್ಟರನ್ನೂ ಓದುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟದ ಮೂಲೆಯಲ್ಲಿ ಅಡಗಿದ್ದ ದೋಷ ಆಗ ಹೊರಬೀಳುತ್ತದೆ. 4 ಟಿಬಿಯ ನಾಲ್ಕು ಡಿಸ್ಕ್‌ಗಳ ರೇಡ್ 5ರಲ್ಲಿ ಓದಬೇಕಾದದ್ದು 12 ಟಿಬಿ. ಸಾಮಾನ್ಯ ಡಿಸ್ಕ್‌ಗಳ ತಯಾರಕರು ಕಾಗದದಲ್ಲಿ ಒಪ್ಪಿಕೊಳ್ಳುವ ಮಿತಿ ಸುಮಾರು 12.5 ಟಿಬಿಗೆ ಒಂದು ಓದಲಾಗದ ತಪ್ಪು. ವಾಸ್ತವದಲ್ಲಿ ಹೆಚ್ಚಿನ ಡಿಸ್ಕ್‌ಗಳು ಇದಕ್ಕಿಂತ ಮೇಲು, ಆದರೂ ಪ್ಯಾಟ್ರೋಲ್ ರೀಡ್ ಎಂಬ ನಿಯಮಿತ ಓದು ನಡೆಯುತ್ತಿದ್ದರೆ ಮಾತ್ರ ಧೈರ್ಯ.

ಒಟ್ಟಿಗೆ ಕೊಂಡ ಡಿಸ್ಕ್‌ಗಳು ಒಟ್ಟಿಗೇ ಕೈಕೊಡಬಹುದು. ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗಳೂ ಇದಕ್ಕೆ ಹೊರತಲ್ಲ. ತನ್ನ ಕೆಲವು ಎಸ್‌ಎಸ್‌ಡಿಗಳು ಫರ್ಮ್‌ವೇರ್ ದೋಷದಿಂದ ಸರಿಯಾಗಿ 32,768 ಗಂಟೆ ಓಡಿದ ಮೇಲೆ ಸತ್ತುಹೋಗುತ್ತವೆ ಎಂದು ಎಚ್‌ಪಿಇ ಕಂಪನಿ 2019ರಲ್ಲಿ ಎಚ್ಚರಿಸಿತ್ತು. ಅಂದರೆ 3 ವರ್ಷ 270 ದಿನ 8 ಗಂಟೆ. ಒಂದೇ ದಿನ ಹಾಕಿದವು ಒಂದೇ ದಿನ!

ತೆಗೆದ ಡಿಸ್ಕನ್ನು ಹಾಗೆಯೇ ಗುಜರಿಗೆ ಕೊಡಬಾರದು. ರೇಡ್ 1ರ ಡಿಸ್ಕ್ ಆಗಿದ್ದರೆ ಎಲ್ಲ ಖಾತೆದಾರರ ವಿವರ ಅದೊಂದರಲ್ಲೇ ಇರುತ್ತದೆ, ಕೆಟ್ಟ ಡಿಸ್ಕ್ ಕೂಡ ಬಹುಪಾಲು ಓದಲು ಸಿಗುತ್ತದೆ. ಅಳಿಸಲು ಬಾರದಿದ್ದರೆ ತಟ್ಟೆಗಳಿಗೇ ಡ್ರಿಲ್ ಹಾಕಿ ತೂತು ಮಾಡಿ, ಸೀರಿಯಲ್ ನಂಬರನ್ನು ಕಚೇರಿಯ ರಿಜಿಸ್ಟರಿನಲ್ಲಿ ದಾಖಲಿಸಬೇಕು.