ಗುಟ್ಟಿಲ್ಲದ ಪತ್ತೇದಾರಿ: ‘ಕೊಲಂಬೊ’ ಮಾಲಿಕೆಯ ದೀರ್ಘಾಯುಷ್ಯ

ಪತ್ತೇದಾರಿ ಕಥೆಯೆಂದರೆ ಕೊಲೆಗಾರನ ಹೆಸರನ್ನು ಕೊನೆಯ ಪುಟದವರೆಗೂ ಬಚ್ಚಿಟ್ಟಿರುವ ಕಥೆ ಎಂಬ ಭಾವನೆಯು ವಾಚಕರಲ್ಲಿ ಬಲವಾಗಿ ಬೇರೂರಿದೆ. ಆ ಹೆಸರು ಹೊರಬಿದ್ದೊಡನೆ ಕುತೂಹಲವು ತಣಿಯುತ್ತದೆ. ಒಮ್ಮೆ ಓದಿ ಮುಗಿಸಿದ ಅಂಥ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಳ್ಳುವವರು ವಿರಳ. ಹೀಗಿರುವಲ್ಲಿ, ಕೊಲೆ ಮಾಡಿದವನು ಯಾರು, ಏತಕ್ಕಾಗಿ ಮಾಡಿದನು, ಹೇಗೆ ಮಾಡಿದನು ಎಂಬುದೆಲ್ಲವನ್ನೂ ಆರಂಭದಲ್ಲಿಯೇ ಪ್ರೇಕ್ಷಕರ ಕಣ್ಣೆದುರಿಗೆ ತೆರೆದಿಟ್ಟ ದೂರದರ್ಶನ ಮಾಲಿಕೆಯೊಂದನ್ನು ಅರ್ಧ ಶತಮಾನ ಕಳೆದ ಮೇಲೆಯೂ ಜನರು ಮತ್ತೆ ಮತ್ತೆ ನೋಡುತ್ತಿರುವುದು ವಿಚಾರಾರ್ಹವಾದ ಸಂಗತಿ. ಅಮೆರಿಕೆಯ ‘ಕೊಲಂಬೊ’ ಮಾಲಿಕೆಯೇ ಅದು. ಶ್ರೀಲಂಕೆಯ ನಗರಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಲಾಸ್ ಏಂಜಲಿಸ್ ಪೊಲೀಸು ಇಲಾಖೆಯಲ್ಲಿ ಕೊಲೆಗಳ ತನಿಖೆ ನಡೆಸುವ, ಇಟಲಿ ಮೂಲದ ಒಬ್ಬ ಲೆಫ್ಟಿನೆಂಟನ ಮನೆತನದ ಹೆಸರಿದು.

ಈ ಜನಪ್ರಿಯತೆಗೆ ಸಾಮಾನ್ಯವಾಗಿ ಹೇಳುವ ಕಾರಣಗಳು ಎಲ್ಲರಿಗೂ ತಿಳಿದಿರತಕ್ಕವೇ. ಸುಕ್ಕುಗಟ್ಟಿದ ಮಳೆಯಂಗಿ, ಬೆರಳುಗಳ ನಡುವೆ ಸಿಗಾರು, ಲಡಕಾಸಿ ಪ್ಯೂಜೋ ಕಾರು, ‘ನಾಯಿ’ ಎಂಬುದರ ಹೊರತು ಬೇರೆ ಹೆಸರಿಲ್ಲದ ಜೋಲುಗಿವಿಯ ನಾಯಿ, ಮಾತುಮಾತಿಗೂ ಉಲ್ಲೇಖಗೊಳ್ಳುತ್ತ ಒಮ್ಮೆಯೂ ಕಾಣಿಸಿಕೊಳ್ಳದ ಹೆಂಡತಿ. ಇವೆಲ್ಲ ಮನರಂಜಕವಾದವುಗಳೆಂಬುದು ನಿಜ. ಆದರೆ ವೇಷಭೂಷಣದ ವೈಚಿತ್ರ್ಯದಿಂದ ಪಾತ್ರವೊಂದು ಪರಿಚಿತವಾದೀತೇ ಹೊರತು ದೀರ್ಘಕಾಲ ಬಾಳಲಾರದು. ಕೊಲಂಬೊವಿನ ಬಾಳಿಕೆಯ ಬೇರು ಕಥಾಸಂವಿಧಾನದಲ್ಲಿದೆ. ಅದನ್ನು ಅರಿಯಬೇಕಾದರೆ ಮಾಲಿಕೆಯ ಪೂರ್ವೇತಿಹಾಸವನ್ನು ತುಸು ನೋಡುವುದು ಅವಶ್ಯ.

ಫಿಲಡೆಲ್ಫಿಯದ ಶಾಲೆಯೊಂದರಲ್ಲಿ ಬಾಲ್ಯದಲ್ಲಿಯೇ ಸ್ನೇಹಿತರಾದ ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಎಂಬಿಬ್ಬರು ಜೊತೆಯಾಗಿ ಬರೆಯುವ ಅಭ್ಯಾಸವನ್ನು ಕೊನೆಯವರೆಗೂ ಬಿಡಲಿಲ್ಲ. 1960ರಲ್ಲಿ ಅವರ ಸಣ್ಣಕಥೆಯೊಂದು ಹಿಚ್‌ಕಾಕನ ಹೆಸರಿನ ಪತ್ತೇದಾರಿ ಮಾಸಿಕದಲ್ಲಿ ಅಚ್ಚಾಯಿತು. ಅದೇ ವರ್ಷ ಆ ವಸ್ತುವನ್ನು ದೂರದರ್ಶನ ನಾಟಕವಾಗಿ ಬೆಳೆಸಿದಾಗ ಕೊಲಂಬೊ ಮೊದಲ ಬಾರಿಗೆ ಕಾಣಿಸಿಕೊಂಡನು. ಬರ್ಟ್ ಫ್ರೀಡ್ ಆ ಪಾತ್ರವನ್ನು ವಹಿಸಿದ್ದನು. 1962ರಲ್ಲಿ ಅದು ‘ಪ್ರಿಸ್ಕ್ರಿಪ್ಷನ್: ಮರ್ಡರ್’ ಎಂಬ ರಂಗನಾಟಕವಾಯಿತು. ಕೊಲೆಗಾರ ವೈದ್ಯನ ಪಾತ್ರದಲ್ಲಿದ್ದ ಜೋಸೆಫ್ ಕಾಟನ್ ಆ ನಾಟಕದ ನಾಯಕನಟ. ಕೊಲಂಬೊ ಕೇವಲ ಪೋಷಕಪಾತ್ರ. ಆದರೆ ಪ್ರೇಕ್ಷಕರ ಒಲವು ಅದನ್ನು ವಹಿಸಿದ ವೃದ್ಧನಟ ಥಾಮಸ್ ಮಿಚೆಲನ ಕಡೆಗೇ ಹರಿಯಿತು. ಆ ವರ್ಷದ ಡಿಸೆಂಬರಿನಲ್ಲಿ ಮಿಚೆಲನು ತೀರಿಕೊಂಡನು.

ಈ ನಾಟಕವನ್ನು ಬರೆಯುವಾಗ ನಡೆದ ಒಂದು ಸಣ್ಣ ಸಂಗತಿಯನ್ನು ಲೇಖಕರೇ ಹೇಳಿಕೊಂಡಿದ್ದಾರೆ. ಒಂದು ದೃಶ್ಯವು ಬೇಕಾದುದಕ್ಕಿಂತ ಚಿಕ್ಕದಾಯಿತು; ಕೊಲಂಬೊ ಆಗಲೇ ಬಾಗಿಲು ದಾಟಿ ಹೋಗಿದ್ದನು. ಪುಟವನ್ನು ಮೊದಲಿನಿಂದ ಬೆರಳಚ್ಚು ಮಾಡುವ ಬೇಸರಕ್ಕೆ ಆತನನ್ನು ಹಿಂದಕ್ಕೆ ಕರೆಸಿ, ಇನ್ನೊಂದು ವಿಷಯ ಕೇಳುವುದು ಮರೆತೆನೆಂದು ಹೇಳಿಸಿದರು. ಮುಂದೆ ಇಡೀ ಮಾಲಿಕೆಯ ಕುರುಹಾಗಿ ಲೋಕವೆಲ್ಲ ಅನುಕರಿಸಿದ ಆ ವರಸೆಯು ಹುಟ್ಟಿದುದು ಇಬ್ಬರು ತರುಣ ಲೇಖಕರ ಸೋಮಾರಿತನದಿಂದ!

1968ರಲ್ಲಿ ಇದೇ ನಾಟಕವನ್ನು ದೂರದರ್ಶನ ಚಿತ್ರವನ್ನಾಗಿ ಮಾಡಹೊರಟಾಗ ಗಾಯಕನಟ ಬಿಂಗ್ ಕ್ರಾಸ್ಬಿಯನ್ನು ಕೇಳಲಾಯಿತು, ಆತನು ಒಪ್ಪಲಿಲ್ಲ. ಪಾತ್ರವು ಪೀಟರ್ ಫಾಕನ ಪಾಲಿಗೆ ಬಂದಿತು. ಮೂರನೆಯ ವಯಸ್ಸಿನಲ್ಲಿಯೇ ರೋಗದಿಂದ ಬಲಗಣ್ಣನ್ನು ಕಳೆದುಕೊಂಡು ಗಾಜಿನ ಕಣ್ಣನ್ನು ಧರಿಸಿದ್ದ ಈ ನಟನು ಮಳೆಯಂಗಿಯನ್ನು ತನ್ನ ಮನೆಯಿಂದಲೇ ತಂದನು. ಕಾರನ್ನು ಸ್ಟುಡಿಯೋದ ಮೂಲೆಯಿಂದ ತಾನೇ ಆರಿಸಿದನು. 1971ರ ಸೆಪ್ಟೆಂಬರಿನಲ್ಲಿ ಎನ್‌ಬಿಸಿ ವಾಹಿನಿಯಲ್ಲಿ ಮಾಲಿಕೆ ಆರಂಭವಾಯಿತು. ಆಗ ಪ್ರಸಾರವಾದ ಮೊದಲ ಕಂತನ್ನು ನಿರ್ದೇಶಿಸಿದವನು ಇಪ್ಪತ್ತನಾಲ್ಕು ವರ್ಷದ ಸ್ಟೀವನ್ ಸ್ಪಿಲ್‌ಬರ್ಗ್. 1978ರವರೆಗೆ ಎನ್‌ಬಿಸಿಯಲ್ಲಿಯೂ, 1989ರಿಂದ 2003ರವರೆಗೆ ಎಬಿಸಿಯಲ್ಲಿಯೂ ಸೇರಿ ಒಟ್ಟು 69 ಚಿತ್ರಗಳು ಬಂದವು.

ಅಪರಾಧವನ್ನು ಮೊದಲೇ ತೋರಿಸುವ ಈ ತಲೆಕೆಳಗಾದ ರಚನೆಯು ಲೆವಿನ್ಸನ್-ಲಿಂಕರ ಸ್ವಂತ ಸೃಷ್ಟಿಯಲ್ಲ. ಇಂಗ್ಲೆಂಡಿನ ಆರ್. ಆಸ್ಟಿನ್ ಫ್ರೀಮನ್ನನು 1912ರ ‘ದಿ ಸಿಂಗಿಂಗ್ ಬೋನ್’ ಕಥಾಸಂಗ್ರಹದಲ್ಲಿ ಅದನ್ನು ಪ್ರಯೋಗಿಸಿದ್ದನು. ಅದಕ್ಕೂ ಮೊದಲು, 1866ರಲ್ಲಿ, ದೊಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ ತನಿಖಾಧಿಕಾರಿ ಪೊರ್ಫಿರಿ ಪೆತ್ರೊವಿಚ್ ಎಲ್ಲವನ್ನೂ ಊಹಿಸಿಕೊಂಡು, ಏನೂ ತಿಳಿಯದವನಂತೆ ಹರಟುತ್ತ, ಅಪರಾಧಿಯ ಮನಸ್ಸನ್ನು ಕದಡುತ್ತ ಹೋಗುತ್ತಾನೆ. ಕೊಲಂಬೊ ಈತನ ಸಂತತಿಯವನೆಂಬುದನ್ನು ಅವನ ಕರ್ತೃಗಳು ಮುಚ್ಚಿಡಲಿಲ್ಲ.

ಗುಟ್ಟನ್ನು ಬಿಟ್ಟುಕೊಟ್ಟುದರಿಂದ ಕಥೆಗೆ ನಷ್ಟವಾಯಿತೇ? ವೈಶಂಪಾಯನ ಸರೋವರದಲ್ಲಿ ದುರ್ಯೋಧನನು ಅಡಗಿದ್ದಾನೆಂಬುದೂ, ಭೀಮನು ಅವನನ್ನು ಹೊರಗೆಳೆಯುವನೆಂಬುದೂ ರನ್ನನ ‘ಗದಾಯುದ್ಧ’ವನ್ನು ಓದತೊಡಗುವ ಪ್ರತಿಯೊಬ್ಬನಿಗೂ ಮುಂಚೆಯೇ ಗೊತ್ತು. ಓದುವವನ ಲಕ್ಷ್ಯವೆಲ್ಲ ಆ ಅಭಿಮಾನಧನನು ಹೇಗೆ ಹೊರಬಂದಾನೆಂಬುದರ ಮೇಲೆ. ಕೊಲಂಬೊ ಕಥೆಗಳಲ್ಲಿಯೂ ಹೀಗೆಯೇ. ಏನಾಯಿತೆಂಬ ಪ್ರಶ್ನೆ ಇಲ್ಲವಾದುದರಿಂದ ಪ್ರೇಕ್ಷಕನ ಗಮನವು ಇಬ್ಬರು ವ್ಯಕ್ತಿಗಳ ಮೇಲೆ ನೆಲೆಸುತ್ತದೆ. ಒಬ್ಬನು ಶ್ರೀಮಂತ, ವಿದ್ಯಾವಂತ, ಖ್ಯಾತ, ಇನ್ನೊಬ್ಬನು ಸಂಬಳದಾರ. ಲೇಖಕರು ಬೇಕೆಂದೇ ಈತನನ್ನು ಸದಾ ಸಿರಿವಂತರ ಬಂಗಲೆಗಳಲ್ಲಿ ನಿಲ್ಲಿಸಿದರು. ಆ ಬಂಗಲೆಯ ಯಜಮಾನನು ಎದುರಿಗೆ ನಿಂತವನ ಅಂಗಿಯನ್ನು ನೋಡಿ ಮನುಷ್ಯನನ್ನು ಅಳೆಯುತ್ತಾನೆ. ಅಲ್ಲಿಯೇ ಅವನ ಲೆಕ್ಕ ತಪ್ಪುತ್ತದೆ. ಲೆಕ್ಕತಪಾಸಣೆಗಾರನು ಲಕ್ಷಾಂತರದ ವಹಿವಾಟನ್ನು ಬದಿಗಿಟ್ಟು ಹೊಂದಿಕೆಯಾಗದ ನಾಲ್ಕಾಣೆಯ ಬೆನ್ನು ಹತ್ತುವಂತೆ, ಕೊಲಂಬೊವೂ ಕ್ಷುದ್ರವೆನಿಸುವ ಒಂದು ವ್ಯತ್ಯಾಸವನ್ನು ಹಿಡಿದು ಕೂಡುತ್ತಾನೆ.

1973ರಲ್ಲಿ ಬಂದ ‘ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್’ ಈ ಮಾತಿಗೆ ಉತ್ತಮ ನಿದರ್ಶನ. ಡೊನಾಲ್ಡ್ ಪ್ಲೆಸೆನ್ಸ್ ಅಭಿನಯಿಸಿದ ಏಡ್ರಿಯನ್ ಕಾರ್ಸಿನಿ ದ್ರಾಕ್ಷಾಮದ್ಯ ತಯಾರಿಸುವವನು. ಆ ವಿದ್ಯೆಯಲ್ಲಿ ಋಷಿಯಂಥವನು. ಮದ್ಯಶಾಲೆಯನ್ನು ಮಾರಿಬಿಡುವೆನೆಂದ ಮಲತಮ್ಮನನ್ನು ಹೊಡೆದು ಕೆಡವಿ, ಕಟ್ಟಿ, ನೆಲಮಾಳಿಗೆಯಲ್ಲಿ ಕೂಡಿ, ಉಸಿರುಕಟ್ಟಿ ಸಾಯಲೆಂದು ಹವಾನಿಯಂತ್ರಣ ಯಂತ್ರವನ್ನು ನಿಲ್ಲಿಸಿ ನ್ಯೂಯಾರ್ಕಿಗೆ ಹೊರಟುಹೋಗುತ್ತಾನೆ. ಆ ದಿನಗಳಲ್ಲಿ ವಿಪರೀತ ಸೆಖೆಯಾಗುತ್ತದೆ. ಕೊಲಂಬೊ ಮದ್ಯದ ವಿಷಯವನ್ನು ಶ್ರದ್ಧೆಯಿಂದ ಕಲಿತು, ಕಡೆಗೊಮ್ಮೆ ಕಾರ್ಸಿನಿಯನ್ನು ಉತ್ತಮ ಹೋಟೆಲಿಗೆ ಊಟಕ್ಕೆ ಕರೆಯುತ್ತಾನೆ. ಬಡಿಸಿದ ಹಳೆಯ ಮದ್ಯವನ್ನು ಬಾಯಿಗಿಟ್ಟ ಕೂಡಲೆ ಕಾರ್ಸಿನಿ ಸಿಟ್ಟಾಗಿ, ಇದು ಸೆಖೆಗೆ ಸಿಕ್ಕಿ ಕೆಟ್ಟುಹೋಗಿದೆಯೆಂದು ಸಾರುತ್ತಾನೆ. ಆ ಸೀಸೆಯು ಅವನದೇ ನೆಲಮಾಳಿಗೆಯಿಂದ ಬಂದುದು. ಯಂತ್ರವು ನಿಂತಿತ್ತೆಂಬುದಕ್ಕೆ ಬೇರೆ ಯಾರೂ ಅರಿಯಲಾರದ ಸಾಕ್ಷ್ಯವನ್ನು ಅವನ ನಾಲಗೆಯೇ ನುಡಿಯಿತು. ಅವನ ಜೀವಮಾನದ ಹೆಮ್ಮೆ ಯಾವುದೋ ಅದೇ ಉರುಳಾಯಿತು. ಸೆರೆಮನೆಗೆ ಕರೆದೊಯ್ಯುವ ಮುನ್ನ ಕಾರಿನಲ್ಲಿ ಕುಳಿತು ಇಬ್ಬರೂ ಒಂದು ಒಳ್ಳೆಯ ಮದ್ಯವನ್ನು ಹಂಚಿಕೊಳ್ಳುತ್ತಾರೆ. ಗೆದ್ದವನಲ್ಲಿ ಗರ್ವವಿಲ್ಲ, ಸೋತವನಲ್ಲಿ ದ್ವೇಷವಿಲ್ಲ. ಮಾಲಿಕೆಯಲ್ಲಿ ಇದಕ್ಕಿಂತ ಮಿಗಿಲಾದ ದೃಶ್ಯವಿಲ್ಲವೆನ್ನಬೇಕು.

ಅಪರಾಧಿಯ ಬಗೆಗಿನ ಈ ಮರ್ಯಾದೆಯು ಎಲ್ಲ ಕಂತುಗಳಲ್ಲಿಯೂ ಇಲ್ಲ. ಹಣದಾಸೆಯ ಕ್ರೂರರೊಡನೆ ಕೊಲಂಬೊವಿನ ನಗೆಯು ಬೇರೆಯೇ. ಆದರೆ 1975ರ ‘ಫರ್ಗಾಟನ್ ಲೇಡಿ’ಯಲ್ಲಿ ಮೆದುಳಿನ ರೋಗದಿಂದ ತಾನು ಮಾಡಿದ ಕೊಲೆಯನ್ನೇ ಮರೆತ, ಅಲ್ಪಾಯುಷಿಯಾದ ನಟಿಯೊಬ್ಬಳನ್ನು ಉಳಿಸಲು ಆಕೆಯ ಹಳೆಯ ಸ್ನೇಹಿತನು ಸುಳ್ಳು ತಪ್ಪೊಪ್ಪಿಗೆ ನೀಡಿದಾಗ, ಕೊಲಂಬೊ ಅದು ಸುಳ್ಳೆಂದು ತಿಳಿದೂ ಒಪ್ಪಿಕೊಳ್ಳುತ್ತಾನೆ.

ಇಲ್ಲಿಯ ಸಾಕ್ಷ್ಯಗಳು ನಿಜವಾದ ನ್ಯಾಯಾಲಯದಲ್ಲಿ ನಿಲ್ಲಲಾರವೆಂಬುದು ಹಳೆಯ ಆಕ್ಷೇಪ. ಅದು ಸರಿಯಾದ ಆಕ್ಷೇಪವೂ ಹೌದು. ಕೊಲಂಬೊ ಬಲೆ ಒಡ್ಡುತ್ತಾನೆ, ಸುಳ್ಳು ಹೇಳುತ್ತಾನೆ. ಆರೋಪಿಯ ವಕೀಲನಿಗೆ ಇದರಲ್ಲಿ ಬೇಕಾದಷ್ಟು ಮೇವು ಸಿಕ್ಕೀತು. ತಮ್ಮದು ನಿಜವಾದ ಪೊಲೀಸರ ಚಿತ್ರಣವೆಂದು ಲೇಖಕರು ಎಂದೂ ಹೇಳಿಕೊಳ್ಳಲಿಲ್ಲ. ಬಂದೂಕಿನ ಕಾಳಗ, ಕಾರುಗಳ ಬೆನ್ನಟ್ಟುವಿಕೆ ಇಲ್ಲದ, ಮಾತಿನಿಂದಲೇ ನಡೆಯುವ ಕಥೆ ಅವರಿಗೆ ಬೇಕಾಗಿತ್ತು. ಆದರೂ ಕಲ್ಪಿತ ಲೋಕದಲ್ಲಿ ಒಂದು ನಿಜವಾದ ಹಸಿವನ್ನು ಈ ಕಥೆಗಳು ತಣಿಸಿದವು. 1974ರ ಮೇ ತಿಂಗಳಲ್ಲಿ ‘ಎ ಫ್ರೆಂಡ್ ಇನ್ ಡೀಡ್’ ಪ್ರಸಾರವಾಯಿತು. ಅದರಲ್ಲಿ ಕೊಲೆಗಾರನು ಪೊಲೀಸು ಇಲಾಖೆಯ ಉಪ ಕಮಿಷನರ್, ಕೊಲಂಬೊವಿನ ಮೇಲಧಿಕಾರಿ. ಹಳೆಯ ಕಳ್ಳನೊಬ್ಬನ ಮೇಲೆ ಆರೋಪ ಹೊರಿಸಲು ಆತನು ಕಳ್ಳನ ಕೋಣೆಯಲ್ಲಿ ಒಡವೆಗಳನ್ನು ಬಚ್ಚಿಡುತ್ತಾನೆ. ಆ ಕೋಣೆಯು ಕಳ್ಳನದಲ್ಲ, ಕೊಲಂಬೊ ತಾನೇ ಬಾಡಿಗೆಗೆ ಹಿಡಿದುದೆಂದು ಆಮೇಲೆ ತಿಳಿಯುತ್ತದೆ. ವಾಟರ್‌ಗೇಟ್ ಹಗರಣದಿಂದ ರಿಚರ್ಡ್ ನಿಕ್ಸನ್ ಅಧ್ಯಕ್ಷಪದವಿಗೆ ರಾಜೀನಾಮೆ ಕೊಟ್ಟುದು ಅದೇ ವರ್ಷದ ಆಗಸ್ಟಿನಲ್ಲಿ. ಒಂದರಿಂದ ಇನ್ನೊಂದು ಹುಟ್ಟಿತೆನ್ನುವುದು ಸಲ್ಲದು. ಮೇಲಿನವನನ್ನು ಪ್ರಶ್ನಿಸುವ ಕೆಳಗಿನ ನೌಕರನನ್ನು ಆಗಿನ ಪ್ರೇಕ್ಷಕರು ಯಾವ ಮನಸ್ಸಿನಿಂದ ನೋಡಿದರೆಂಬುದನ್ನು ಮಾತ್ರ ಊಹಿಸಬಹುದು. ದೊಡ್ಡವರ ಮನೆಯ ಬಾಗಿಲನ್ನು ವಿನಯದಿಂದಲೇ ಮತ್ತೆ ಮತ್ತೆ ತಟ್ಟುವ ಅಧಿಕಾರಿಯೊಬ್ಬನಿದ್ದಾನೆಂಬ ಸಮಾಧಾನವು ಒಂದು ದೇಶಕ್ಕಾಗಲಿ ಒಂದು ಕಾಲಕ್ಕಾಗಲಿ ಮೀಸಲಾದುದಲ್ಲ.

ಜಪಾನಿನಲ್ಲಿ ಎನ್‌ಎಚ್‌ಕೆ 1972ರಿಂದ ಈ ಮಾಲಿಕೆಯನ್ನು ಪ್ರಸಾರ ಮಾಡಿತು. ಅದೇ ಅಚ್ಚಿನಲ್ಲಿ 1994ರಲ್ಲಿ ‘ಫುರುಹಾತ ನಿಂಜಾಬುರೊ’ ಎಂಬ ಜಪಾನೀ ಮಾಲಿಕೆ ಹುಟ್ಟಿತು. ಅಮೆರಿಕೆಯಲ್ಲಿ 2023ರ ‘ಪೋಕರ್ ಫೇಸ್’ ಅದೇ ತಲೆಕೆಳಗಾದ ರಚನೆಯನ್ನು ಮತ್ತೆ ಎತ್ತಿಕೊಂಡಿತು. ಲೆವಿನ್ಸನ್ 1987ರಲ್ಲಿ, ಫಾಕ್ 2011ರಲ್ಲಿ, ಲಿಂಕ್ 2020ರಲ್ಲಿ ನಿಧನರಾದರು. ಈ ಪಾತ್ರಕ್ಕಾಗಿ ಫಾಕನಿಗೆ ನಾಲ್ಕು ಎಮ್ಮಿ ಪ್ರಶಸ್ತಿಗಳು ಸಂದಿದ್ದವು. ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ 2014ರಲ್ಲಿ ಕೊಲಂಬೊವಿನ ಕಂಚಿನ ಪ್ರತಿಮೆಯೊಂದನ್ನು ನಿಲ್ಲಿಸಿದರು. ಅದು ನಿಂತಿರುವ ಬೀದಿಗೆ ಹತ್ತೊಂಬತ್ತನೆಯ ಶತಮಾನದ ಪತ್ರಕರ್ತ, ರಾಜಕಾರಣಿ ಮಿಕ್ಷಾ ಫಾಕನ ಹೆಸರಿದೆ. ನಟನು ಆತನ ಬಳಗದವನೆಂಬ ಮಾತು ಅಲ್ಲಿ ಬಳಕೆಯಲ್ಲಿದ್ದರೂ ಸಿದ್ಧಪಟ್ಟಿಲ್ಲ. ಮಳೆಯಂಗಿ ತೊಟ್ಟ ಲೆಫ್ಟಿನೆಂಟನು ಒಂದು ಕೈಯನ್ನು ತಲೆಗೆ ಹಚ್ಚಿ ಯೋಚಿಸುತ್ತಿದ್ದಾನೆ. ಕಾಲಬಳಿ ಹೆಸರಿಲ್ಲದ ಆ ನಾಯಿ.