ನೀರಿನ ಟ್ಯಾಂಕಿಗೆ ಕದಡಿದ ಪುಡಿ

ಅವ್ವನ ನಾಟಿಕೋಳಿಗಳಿಗೆ ಮದ್ದೆಂದರೆ ಅರಿಸಿನ, ಬೆಳ್ಳುಳ್ಳಿ. ನಾನು ಫಾರಂ ಹಾಕಿದಾಗ ಮರಿಗಳ ಜೊತೆಗೇ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ಪೊಟ್ಟಣವೂ ಬಂತು. ಬೆಳಿಗ್ಗೆ ಎದ್ದು ಟ್ಯಾಂಕಿಗೆ ಕದಡುತ್ತಿದ್ದೆ. ಮರಿಗಳಿಗೆ ಕಾಯಿಲೆಯೇ ಇರಲಿಲ್ಲ!

ಈ ರೂಢಿಯ ಬೇರು ಅಮೆರಿಕದಲ್ಲಿದೆ. 1940ರ ದಶಕದ ಕೊನೆಗೆ ವಿಜ್ಞಾನಿಗಳಾದ ಥಾಮಸ್ ಜೂಕ್ಸ್, ರಾಬರ್ಟ್ ಸ್ಟಾಕ್‌ಸ್ಟಾಡ್ ಅವರು ಆರಿಯೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ತಯಾರಿಕೆಯ ಉಳಿಕೆಯನ್ನು ಮರಿಗಳಿಗೆ ತಿನ್ನಿಸಿದಾಗ ಅವು ಬೇಗ ತೂಕ ಕಟ್ಟಿದವು. ಆದರೆ ದಿನವೂ ಚೂರುಚೂರೇ ಕೊಟ್ಟ ಔಷಧಿಗೆ ದುರ್ಬಲ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸತ್ತು, ತಡೆದುಕೊಂಡದ್ದು ಪೀಳಿಗೆ ಬೆಳೆಸಿತು. 1969ರಲ್ಲೇ ಬ್ರಿಟನ್ನಿನ ಸ್ವಾನ್ ಸಮಿತಿ ಈ ಅಪಾಯದ ಬಗ್ಗೆ ಎಚ್ಚರಿಸಿತ್ತು. ನಮ್ಮಲ್ಲಿ ಪಶುಪಕ್ಷಿಗಳಿಗೆ ಕೊಲಿಸ್ಟಿನ್ ನಿಷೇಧವಾಗಿದ್ದು 2019ರಲ್ಲಿ. ಐವತ್ತು ವರ್ಷ!

ಬೇರಾವ ಮದ್ದೂ ಹಿಡಿಯದಾಗ ಡಾಕ್ಟರು ಮನುಷ್ಯರಿಗೆ ಕೊನೆಗೆ ಕೊಡುವ ಔಷಧಿಯಂತೆ ಈ ಕೊಲಿಸ್ಟಿನ್. ಗೊತ್ತಾದ ದಿನ, ಉಳಿದ ಪೊಟ್ಟಣ ಹಿಡಿದು ಶೆಡ್ಡಿನ ಬಾಗಿಲಲ್ಲೇ ಕುಸಿದು ಕೂತೆ. ಮರಿಗಳು ಹೊಟ್ಟು ಕೆದಕುತ್ತಿದ್ದವು. ಹಿಕ್ಕೆ ಬೆರೆತ ಆ ಹೊಟ್ಟು ಗೊಬ್ಬರವಾಗಿ ವರ್ಷವರ್ಷವೂ ನಮ್ಮ ಟೊಮೆಟೊ ತೋಟಕ್ಕೇ ಹೋಗಿತ್ತು.