ಹೆಸರೆಂಬ ಆಸ್ತಿ: ಅಮರ್‌ಚಂದ್ ಮಂಗಲ್‌ದಾಸ್ ಸಂಸ್ಥೆಯ ಮೂರು ತಲೆಮಾರು

ಅಮರ್‌ಚಂದ್ ಶ್ರಾಫ್ ಮತ್ತು ಮಂಗಲ್‌ದಾಸ್ ಮೆಹ್ತಾ 1917ರಲ್ಲಿ ಮುಂಬಯಿಯಲ್ಲಿ ಕಟ್ಟಿದ ಸಾಲಿಸಿಟರುಗಳ ಸಂಸ್ಥೆ 98 ವರ್ಷ ಒಂದಾಗಿ ನಡೆದು 2015ರಲ್ಲಿ ಎರಡಾಯಿತು. ಅದರ ಚುಕ್ಕಾಣಿ ಅಮರ್‌ಚಂದರಿಂದ ಮಗ ಸುರೇಶ್ ಶ್ರಾಫರಿಗೆ, ಅವರಿಂದ ಮಕ್ಕಳಾದ ಶಾರ್ದೂಲ್ ಮತ್ತು ಸಿರಿಲ್ ಶ್ರಾಫರಿಗೆ ಬಂದಿತು. ವಕೀಲಿಕೆ ಮನೆತನದ ವೃತ್ತಿಯಾಗಿ ಮುಂದುವರಿಯುವುದು ಭಾರತದಲ್ಲಿ ಹೊಸದಲ್ಲ. ಆದರೆ ತಂದೆಯ ಕಚೇರಿಯಲ್ಲಿ ಮಗ ಕೂರುವುದು ಬೇರೆ, ಒಂದು ಸಂಸ್ಥೆಯೇ ತಲೆಮಾರುಗಳನ್ನು ದಾಟುವುದು ಬೇರೆ. ಎರಡನೆಯದು ಸಾಧ್ಯವಾದದ್ದಕ್ಕೆ ಮುಂಬಯಿಯ ನ್ಯಾಯಾಲಯದ ಪದ್ಧತಿಯೇ ಮುಖ್ಯ ಕಾರಣ.

1862ರಲ್ಲಿ ಸ್ಥಾಪನೆಯಾದ ಬಾಂಬೆ ಹೈಕೋರ್ಟಿನ ಮೂಲ ದಾವೆಗಳ ವಿಭಾಗದಲ್ಲಿ ವಕೀಲಿಕೆ ಎರಡು ಹೋಳಾಗಿತ್ತು. ನ್ಯಾಯಾಧೀಶರ ಮುಂದೆ ವಾದಿಸುವವರು ಬ್ಯಾರಿಸ್ಟರುಗಳು ಮತ್ತು ಅಡ್ವೊಕೇಟರು. ಕಕ್ಷಿದಾರನ ಮಾತು ಕೇಳುವುದು, ದಸ್ತಾವೇಜು ಬರೆಯುವುದು, ಪತ್ರವ್ಯವಹಾರ ನಡೆಸುವುದು, ವಾದಿಸುವವರಿಗೆ ಕೇಸಿನ ಕಾಗದಪತ್ರ ಸಿದ್ಧಪಡಿಸುವುದು ಅಟಾರ್ನಿ ಅಥವಾ ಸಾಲಿಸಿಟರರ ಕೆಲಸ. ಒಳ್ಳೆಯ ವಾದಿಯ ಕೀರ್ತಿ ಅವನೊಡನೆಯೇ ಮುಗಿಯುತ್ತದೆ. ಸಾಲಿಸಿಟರ್ ಕಚೇರಿಯ ಕಪಾಟಿನಲ್ಲಿ ಕಕ್ಷಿದಾರನ ಕ್ರಯಪತ್ರ, ಉಯಿಲು, ಟ್ರಸ್ಟಿನ ದಸ್ತಾವೇಜುಗಳು ಉಳಿಯುತ್ತವೆ. ವ್ಯಾಪಾರಿ ಮನೆತನದ ಮಕ್ಕಳು ಅದೇ ಕಪಾಟನ್ನು ಹುಡುಕಿಕೊಂಡು ಅದೇ ಕಚೇರಿಗೆ ಬರುತ್ತಾರೆ. ಕುಟುಂಬ ಸಂಸ್ಥೆಗಳ ಬಾಳಿಕೆಯ ಗುಟ್ಟು ರಕ್ತಸಂಬಂಧಕ್ಕಿಂತ ಹೆಚ್ಚಾಗಿ ಈ ಕಾಗದದಲ್ಲಿದೆ ಎನ್ನಬೇಕು.

ಮೈಸೂರು ಸಂಸ್ಥಾನದ ಸ್ಥಿತಿ ಇದನ್ನು ಸ್ಪಷ್ಟಪಡಿಸುತ್ತದೆ. 1884ರಲ್ಲಿ ಬಂದ ಚೀಫ್ ಕೋರ್ಟು 1930ರಲ್ಲಿ ಹೈಕೋರ್ಟಾಯಿತು. ವಕೀಲಿಕೆಯ ಈ ಇಬ್ಭಾಗ ಅಲ್ಲಿ ಇರಲಿಲ್ಲ. ಕಕ್ಷಿಗಾರನ ಅಹವಾಲು ಕೇಳಿ, ದಾವೆ ಬರೆದು, ಕೋರ್ಟಿನಲ್ಲಿ ನಿಂತು ವಾದಿಸುವವನು ಒಬ್ಬನೇ ವಕೀಲ. ಆದ್ದರಿಂದ ಅಲ್ಲಿ ಬೆಳೆದದ್ದು ಸೀನಿಯರ್ ಮತ್ತು ಜೂನಿಯರರ ಕಚೇರಿ. ಅದು ಸೀನಿಯರ್ ಒಬ್ಬರ ಹೆಸರಿನಲ್ಲಿ ನಡೆಯುತ್ತಿತ್ತು, ಪಾಲುದಾರಿಕೆಯ ಹೆಸರಿನಲ್ಲಲ್ಲ.

ಸಂಸ್ಥೆಯನ್ನು ಮಕ್ಕಳಿಗೆ ಬಿಟ್ಟುಹೋಗಲು ಕಾನೂನು ಸುಲಭವಾಗಿ ಬಿಡುವುದಿಲ್ಲ. 1932ರ ಪಾಲುದಾರಿಕೆ ಕಾಯ್ದೆಯಂತೆ, ಬೇರೆ ಕರಾರು ಇಲ್ಲದಿದ್ದರೆ ಪಾಲುದಾರನ ಮರಣದಿಂದ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. ಅಡ್ವೊಕೇಟ್ ಅಲ್ಲದವರ ಜೊತೆ ಶುಲ್ಕ ಹಂಚಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮ ನಿಷೇಧಿಸುತ್ತದೆ. ವಾರಸುದಾರನಿಗೆ ಲೆಕ್ಕದ ಹಣ ದಕ್ಕಬಹುದು. ಕುರ್ಚಿ ದಕ್ಕಬೇಕಾದರೆ ಸನ್ನದು ಪಡೆದಿರಬೇಕು. ಇದರ ಮೇಲೆ 1956ರ ಕಂಪನಿ ಕಾಯ್ದೆ ಪಾಲುದಾರಿಕೆಗೆ 20 ಜನರ ಮಿತಿ ಹಾಕಿತ್ತು. ಇಪ್ಪತ್ತೇ ಸ್ಥಾನಗಳಿರುವಾಗ ಮನೆಯವರಿಗೆ ಮೊದಲ ಸಾಲು ಸಿಗುವುದು ಸಹಜ. ಕುಟುಂಬದ ಹಿಡಿತಕ್ಕೆ ಈ ಮಿತಿ ಅನುಕೂಲವಾಗಿಯೇ ಪರಿಣಮಿಸಿತು.

ಅಡ್ವೊಕೇಟರ ಕಾಯ್ದೆಗೆ 1976ರಲ್ಲಿ ಬಂದ ತಿದ್ದುಪಡಿಯಿಂದ ಅಟಾರ್ನಿ ಎಂಬ ಪ್ರತ್ಯೇಕ ವರ್ಗ ಕಾನೂನಿನಲ್ಲಿ ಇಲ್ಲವಾಯಿತು. ಆದರೂ ಸಾಲಿಸಿಟರರ ಸಂಘವಾದ ಬಾಂಬೆ ಇನ್‌ಕಾರ್ಪೊರೇಟೆಡ್ ಲಾ ಸೊಸೈಟಿ ಸಾಲಿಸಿಟರ್ ಪರೀಕ್ಷೆಯನ್ನು ಬಿಡಲಿಲ್ಲ. ಅಮರ್‌ಚಂದ್ ಸಂಸ್ಥೆಯ ಕೇಂದ್ರವೂ ಒಂದೇ ಊರಿನಲ್ಲಿ ಉಳಿಯಲಿಲ್ಲ. ಶಾರ್ದೂಲ್ ದೆಹಲಿಯ ಕಚೇರಿ ಬೆಳೆಸಿದರು, ಸಿರಿಲ್ ಮುಂಬಯಿಯದನ್ನು ನೋಡಿಕೊಂಡರು. 1991ರ ಆರ್ಥಿಕ ಉದಾರೀಕರಣದ ನಂತರ ವಿದೇಶಿ ಹೂಡಿಕೆ, ಕಂಪನಿಗಳ ವಿಲೀನ, ಸಾಲದ ಕರಾರುಗಳು ಹೆಚ್ಚಿ ಇಂಥ ಕಚೇರಿಗಳ ಕೆಲಸವೂ ಬೆಳೆಯಿತು. ಒಂದು ಹೆಸರಿನಡಿ ಎರಡು ಊರುಗಳಲ್ಲಿ ಎರಡು ಬಲಿಷ್ಠ ಕೇಂದ್ರಗಳು ನಿಂತವು.

ಬಿರುಕು ಬಿಟ್ಟದ್ದು ಆ ಗೆರೆಯಲ್ಲೇ. ಸಹೋದರರ ತಾಯಿ ಭಾರತಿ ಶ್ರಾಫ್ 2014ರಲ್ಲಿ ತೀರಿಕೊಂಡ ಬಳಿಕ ಸಂಸ್ಥೆಯಲ್ಲಿದ್ದ ಅವರ ಪಾಲಿನ ಪ್ರಶ್ನೆ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು. ಕೊನೆಗೆ ವಿವಾದ ರಾಜಿಯಲ್ಲಿ ಮುಗಿದು, 2015ರ ಮೇ ತಿಂಗಳಲ್ಲಿ ಮುಂಬಯಿ ಕೇಂದ್ರಿತ ಸಿರಿಲ್ ಅಮರ್‌ಚಂದ್ ಮಂಗಲ್‌ದಾಸ್, ದೆಹಲಿ ಕೇಂದ್ರಿತ ಶಾರ್ದೂಲ್ ಅಮರ್‌ಚಂದ್ ಮಂಗಲ್‌ದಾಸ್ ಎಂಬ ಎರಡು ಸಂಸ್ಥೆಗಳು ಹುಟ್ಟಿದವು. ಅಣ್ಣತಮ್ಮಂದಿರು ಜಮೀನು ಹಂಚಿಕೊಂಡರೆ ಇಬ್ಬರಿಗೂ ಅರ್ಧರ್ಧ ಸಿಗುತ್ತದೆ. ಇಲ್ಲಿ ಅಜ್ಜನ ಹೆಸರು ಮತ್ತು ಅಜ್ಜನ ಪಾಲುದಾರನ ಹೆಸರು ಎರಡೂ ಕಡೆ ಇಡಿಯಾಗಿ ಉಳಿದವು. ಸಂಸ್ಥೆಯ ಅತಿ ಬೆಲೆಬಾಳುವ ಆಸ್ತಿ ಯಾವುದೆಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ. ಮಂಗಲ್‌ದಾಸ್ ಮೆಹ್ತಾ ಶ್ರಾಫ್ ಮನೆತನದವರಲ್ಲ ಎಂಬುದೂ ಗಮನಾರ್ಹ.

ಇದೇ ಕಾಲದಲ್ಲಿ ಕುಟುಂಬದ ಹಿಡಿತಕ್ಕೆ ಒದಗಿದ್ದ ಕಾನೂನಿನ ಆಸರೆಯೂ ಕಳಚಿತು. 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯ್ದೆ ಪಾಲುದಾರರ ಸಂಖ್ಯೆಗೆ ಗರಿಷ್ಠ ಮಿತಿ ಇಡಲಿಲ್ಲ. 2013ರ ಕಂಪನಿ ಕಾಯ್ದೆ ತನ್ನ ಮಿತಿಯಿಂದ, ವಿಶೇಷ ಕಾಯ್ದೆಗಳಿಗೆ ಒಳಪಟ್ಟ ವೃತ್ತಿಪರರ ಪಾಲುದಾರಿಕೆಗಳನ್ನು ಹೊರಗಿಟ್ಟಿತು. ಉದಾಹರಣೆಗೆ, ಸಂವಿಧಾನದ ಕರಡು ಸಮಿತಿಯ ಸದಸ್ಯರಾಗಿದ್ದ ದೇವಿಪ್ರಸಾದ್ ಖೈತಾನ್ 1911ರಲ್ಲಿ ಕಲ್ಕತ್ತೆಯಲ್ಲಿ ಆರಂಭಿಸಿದ ಖೈತಾನ್ ಸಂಸ್ಥೆ ಮನೆತನದ ಹೆಸರನ್ನು ಉಳಿಸಿಕೊಂಡೇ ಹೊರಗಿನವರನ್ನು ದೊಡ್ಡ ಸಂಖ್ಯೆಯಲ್ಲಿ ಪಾಲುದಾರರನ್ನಾಗಿ ಸೇರಿಸಿಕೊಂಡಿದೆ.